ಸಾಹುಕಾರರ ಐದು ಗಂಟೆ

ಆ ಗಡಿಯಾರವನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹೆತ್ತೂರು ದಾಟಿ ಬಿಸಿಲೆ ಕಡೆಗೆ ಹೋಗುವ ರಸ್ತೆಯಲ್ಲಿ ಅವ್ವ ಕೆಲಸಕ್ಕೆ ಹೋಗುತ್ತಿದ್ದ ಎಸ್ಟೇಟು. ಅದರ ಆಫೀಸಿನ ಗೋಡೆಯ ಮೇಲೆ ಒಂದು ಕಪ್ಪು ಪೆಟ್ಟಿಗೆ, ಅದರೊಳಗೆ ಅಂಗೈಯಷ್ಟು ದೊಡ್ಡ ಕೆಂಪು ಅಂಕಿಗಳು. ತೊಂಬತ್ತರ ದಶಕದ ನಡುವಿನಲ್ಲಿ ಸಾಹುಕಾರರು ಅದನ್ನು ಬೆಂಗಳೂರಿನಿಂದ ತರಿಸಿ ಅದಕ್ಕೊಂದು ಸೈರನ್ ಜೋಡಿಸಿದ್ದರು. ಬೆಳಿಗ್ಗೆ ಎಂಟಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ಅದು ತಾನೇ ಕೂಗುತ್ತಿತ್ತು. ಅದಕ್ಕೆ ಮೊದಲು ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರ್ ತನ್ನ ಕೈಗಡಿಯಾರ ನೋಡಿಕೊಂಡು, ಮರಕ್ಕೆ ನೇತು ಹಾಕಿದ್ದ ಕಬ್ಬಿಣದ ತುಂಡಿಗೆ ಬಡಿಯುತ್ತಿದ್ದ. ಸೈರನ್ ಬಂದ ಮೇಲೆ ಆ ಕಬ್ಬಿಣ ಗುಜರಿಗೆ ಹೋಯಿತು. ನೆಂಟರು ಬಂದರೆ ಸಾಹುಕಾರರು ಕಾಫಿ ಕೊಡುವ ಮೊದಲೇ ಆಫೀಸಿಗೆ ಕರೆದುಕೊಂಡು ಹೋಗಿ ಗಡಿಯಾರ ತೋರಿಸುತ್ತಿದ್ದರಂತೆ.

ನಾನು ಆಗ ಸಕಲೇಶಪುರದಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ರೇಡಿಯೋ, ಟೀವಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆ. ಹಾಸನದ ಹಾಸ್ಟೆಲಿನಲ್ಲಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದೆ. ಓದಿಸಿದ್ದು ಅವ್ವ, ಅದೇ ಎಸ್ಟೇಟಿನಲ್ಲಿ ಕಾಫಿ ಹಣ್ಣು ಬಿಡಿಸಿ. ಅಂಗಡಿಗೆ ಬಂದವರು ಹೆಂಗಸೊಬ್ಬಳು ಸೋಲ್ಡರಿಂಗ್ ಕಡ್ಡಿ ಹಿಡಿದು ಕೂತಿರುವುದನ್ನು ನೋಡಿ, “ರಿಪೇರಿಯವ್ರು ಇಲ್ವೇನಮ್ಮ?” ಎಂದು ಕೇಳುತ್ತಿದ್ದರು. “ಇಲ್ಲ, ನಾಳೆ ಬನ್ನಿ” ಎನ್ನುತ್ತಿದ್ದೆ. ಮರುದಿನ ಬಂದರೆ ಮತ್ತೆ ನಾನೇ ಕೂತಿರುತ್ತಿದ್ದೆ. ಅಂಥವರ ಟೀವಿಗಳು ಬೇಕೆಂದೇ ನನ್ನ ಅಟ್ಟದ ಮೇಲೆ ಒಂದು ವಾರ ಹೆಚ್ಚು ಕೂತಿರುತ್ತಿದ್ದವು.

ರಿಪೇರಿ ಹೊಟ್ಟೆಪಾಡಿಗೆ. ನನ್ನ ಜೀವ ಇದ್ದದ್ದು ಬೇರೆ ಕಡೆ. ಕಾಲವನ್ನು ಅಳೆಯುವ ಪೆಟ್ಟಿಗೆ ಕಟ್ಟುವ ಹುಚ್ಚು ನನಗೆ ಓದುವಾಗಲೇ ಹಿಡಿದಿತ್ತು. ಅದಕ್ಕೆ ಫ್ರೀಕ್ವೆನ್ಸಿ ಕೌಂಟರ್ ಎನ್ನುತ್ತಾರೆ. ಒಂದು ವಿದ್ಯುತ್ ಅಲೆ ಸೆಕೆಂಡಿಗೆ ಎಷ್ಟು ಸಲ ಏರಿ ಇಳಿಯುತ್ತದೆ ಎಂದು ಎಣಿಸಿ ಅಂಕಿಯಲ್ಲಿ ತೋರಿಸುವ ಯಂತ್ರ ಅದು. ಎಣಿಸುವುದೇನೂ ಕಷ್ಟವಲ್ಲ, ಐಸಿ ಚಿಪ್‌ಗಳನ್ನು ಸಾಲಾಗಿ ಜೋಡಿಸಿದರೆ ಅವೇ ಎಣಿಸುತ್ತವೆ. ಸೆಕೆಂಡ್ ಎಂದರೆ ಎಷ್ಟು ಹೊತ್ತು ಎಂದು ಆ ಪೆಟ್ಟಿಗೆಗೆ ಹೇಳಿಕೊಡುವುದು ಕಷ್ಟ. ಅದಕ್ಕೊಂದು ಕ್ರಿಸ್ಟಲ್ ಬೇಕು, ಸೆಕೆಂಡಿಗೆ ಒಂದು ಕೋಟಿ ಸಲ ಕಂಪಿಸುವ ಹರಳಿನ ಚೂರು. ಆ ಹರಳು ಚಳಿಯಲ್ಲಿ ಒಂದು ಥರ ಕಂಪಿಸುತ್ತದೆ, ಸೆಕೆಯಲ್ಲಿ ಇನ್ನೊಂದು ಥರ. ಮಳೆಗಾಲದಲ್ಲಿ ನಮ್ಮ ಕಡೆ ಡಬ್ಬಿಯೊಳಗಿನ ಉಪ್ಪೇ ನೀರಾಗುತ್ತದೆ, ಇನ್ನು ಬೋರ್ಡಿನ ಗತಿ ಕೇಳಬೇಕೆ. ಹಾಲಿನ ಪುಡಿಯ ಡಬ್ಬಿಯೊಳಗೆ ಥರ್ಮಾಕೋಲ್ ಮೆತ್ತಿ, ಒಂದು ಸಣ್ಣ ಹೀಟರ್ ಕೂರಿಸಿ, ಹರಳು ವರ್ಷವಿಡೀ ಒಂದೇ ಬಿಸಿಯಲ್ಲಿ ಇರುವ ಹಾಗೆ ಮಾಡಿಕೊಂಡಿದ್ದೆ. ಬಾಣಂತಿಗೂ ಅಷ್ಟು ಆರೈಕೆ ಸಿಗುವುದಿಲ್ಲ.

ಅದನ್ನು ಸರಿಹೊಂದಿಸುವುದು ಇನ್ನೊಂದು ತಪಸ್ಸು. ದೆಹಲಿಯಿಂದ ಶಾರ್ಟ್‌ವೇವ್ ರೇಡಿಯೋದಲ್ಲಿ ಸಮಯದ ಸಂಕೇತ ಬರುತ್ತಿತ್ತು. ಆ ಅಲೆಯೂ ಸೆಕೆಂಡಿಗೆ ಸರಿಯಾಗಿ ಒಂದು ಕೋಟಿ. ಅದರ ಪಕ್ಕ ನನ್ನ ಹರಳನ್ನು ಇಟ್ಟರೆ ಎರಡೂ ಬೆರೆತು ರೇಡಿಯೋದಲ್ಲಿ ಒಂದು ದನಿ ಉಬ್ಬುತ್ತದೆ, ಇಳಿಯುತ್ತದೆ. ಎರಡರ ನಡುವೆ ವ್ಯತ್ಯಾಸ ಹೆಚ್ಚಿದ್ದರೆ ಬೇಗ ಬೇಗ ಉಬ್ಬಿ ಇಳಿಯುತ್ತದೆ, ಹತ್ತಿರ ಬಂದಂತೆ ನಿಧಾನವಾಗುತ್ತದೆ. ಕಬ್ಬಿಣದ ಸ್ಕ್ರೂಡ್ರೈವರ್ ತಾಗಿಸಿದರೆ ಹರಳು ಬೆದರುತ್ತದೆಂದು ಹಳೇ ಟೂತ್‌ಬ್ರಷ್ಷಿನ ಹಿಡಿ ಅರೆದು ತಿರುಪುಳಿ ಮಾಡಿಕೊಂಡಿದ್ದೆ. ಅದರಲ್ಲಿ ಕೂದಲೆಳೆಯಷ್ಟು ತಿರುಗಿಸಿ, ಉಸಿರು ಹಿಡಿದು ಕೇಳಿಸಿಕೊಂಡು, ಮತ್ತೆ ತಿರುಗಿಸಿ, ಆ ಉಬ್ಬು ಬಂದು ಹೋಗುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದು ಎನ್ನುವವರೆಗೆ ಬಿಡುತ್ತಿರಲಿಲ್ಲ. ಹಾಸನದ ಕಾಲೇಜೊಂದರ ಲ್ಯಾಬಿನವರು ಇಂಥವು ಕೆಲವನ್ನು ಮಾಡಿಸಿಕೊಂಡರು. ಉಳಿದವರಿಗೆ ಇದು ಹುಡುಗಿಯ ಮದುವೆ ತಡವಾದದ್ದರ ಪರಿಣಾಮ ಅನ್ನಿಸಿತ್ತು. ಅವ್ವ ಒಮ್ಮೆ ಅಂಗಡಿಗೆ ಬಂದಾಗ ಕೌಂಟರನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ, “ಇದ್ರಲ್ಲಿ ಅಕ್ಕಿ ಅಳಿಯಕ್ಕಾಯ್ತದಾ?” ಎಂದು ಕೇಳಿದ್ದಳು.

ಶನಿವಾರ ಸಂಜೆ ನಾನು ಊರಿಗೆ ಹೋಗುತ್ತಿದ್ದೆ. ನಮ್ಮ ಮನೆ ಎಸ್ಟೇಟಿನ ಲೈನಿನಲ್ಲಿ, ಆಳುಗಳ ಸಾಲುಮನೆಗಳಲ್ಲಿ, ಇರಲಿಲ್ಲ. ಗೇಟಿನಿಂದ ಎರಡು ಮೂರು ಮೈಲಿ ಆಚೆ, ಕಾಡಂಚಿನ ಹಳ್ಳಿ. ನಮ್ಮೂರಿನಿಂದ ಹತ್ತು ಹದಿನೈದು ಹೆಂಗಸರು ದಿನವೂ ಎಸ್ಟೇಟಿಗೆ ಹೋಗಿ ಬರುತ್ತಿದ್ದರು. ಸಂಜೆ ಆ ದಾರಿಗೆ ಇದ್ದದ್ದು ಒಂದೇ ಬಸ್ಸು, ಐದೂ ಕಾಲಿಗೆ ಗೇಟಿಗೆ ಬರುತ್ತಿತ್ತು. ನಾಲ್ಕೂವರೆಗೆ ಹಣ್ಣು ಬಿಡಿಸುವುದು ನಿಲ್ಲಿಸಬೇಕು, ಚೀಲ ಹೊತ್ತು ಕಣಕ್ಕೆ ತಂದು ತೂಕ ಹಾಕಿಸಬೇಕು, ಐದರ ಸೈರನ್ನಿಗೆ ಕೆಲಸ ಬಿಡುವುದು. ಇದು ಮುಂಚಿನಿಂದ ನಡೆದು ಬಂದ ಪದ್ಧತಿ. ಕೈಕಾಲು ತೊಳೆದುಕೊಂಡು ಗೇಟಿಗೆ ಬಂದರೂ ಬಸ್ಸಿಗೆ ಕಾಯುವಷ್ಟು ಹೊತ್ತು ಉಳಿಯಬೇಕಿತ್ತು. ಆದರೆ ಆ ಹೊಸ ಗಡಿಯಾರ ಬಂದ ಮೇಲೆ ಹಣ್ಣಿನ ಕಾಲ ಬಂತೆಂದರೆ ದಿನಾ ಬಸ್ಸು ತಪ್ಪಲು ಶುರುವಾಯಿತು.

ಬಸ್ಸು ತಪ್ಪಿದರೆ ನಡೆಯಬೇಕು. ಹಣ್ಣಿನ ಕಾಲವೂ ಭತ್ತದ ಕೊಯ್ಲಿನ ಕಾಲವೂ ಒಂದೇ, ಆನೆಗಳು ಕಾಡಿನಿಂದ ಗದ್ದೆಗೆ ಇಳಿಯುವ ಕಾಲವೂ ಅದೇ. ಅವು ಹೊರಡುವುದು ಸರಿಯಾಗಿ ಹೊತ್ತು ಮುಳುಗುವಾಗ. ಅವ್ವನ ಜೊತೆಯವಳೊಬ್ಬಳು, ನಮ್ಮ ಪಕ್ಕದ ಮನೆಯವಳು, ತಿರುವಿನಲ್ಲಿ ಆನೆ ಕಂಡು ಓಡಿ, ಚರಂಡಿಗೆ ಬಿದ್ದು ಭುಜ ಮುರಿದುಕೊಂಡಳು. ಆಮೇಲೆ ಅವಳ ಬಲಗೈ ಮೇಲಕ್ಕೆ ಏಳಲೇ ಇಲ್ಲ. ಸೀರೆ ಉಡಿಸಲು ಸೊಸೆ ಬೇಕಾಯಿತು. ಎಸ್ಟೇಟಿನಿಂದ ಒಂದು ಬುಟ್ಟಿ ಕಿತ್ತಳೆ ಕಳಿಸಿದ್ದರು.

“ಮೊದ್ಲು ಬಸ್ಸು ಸಿಗ್ತಿತ್ತಲ್ಲ, ಈಗೇನಾಗಿದೆ?” ಎಂದು ಅವಳು ಬಿದ್ದ ವಾರದ ಶನಿವಾರ ಅವ್ವನನ್ನು ಕೇಳಿದೆ.

“ಸೈರನ್ ತಡ ಆಯ್ತದೆ ಕಣೆ.”

“ತಡ ಅಂದ್ರೆ?”

“ತಡ ಅಂದ್ರೆ ತಡ. ಬಸ್ಸು ಹೋಗಿ ಎಷ್ಟೋ ಹೊತ್ತಿಗೆ ಐದು ಗಂಟೆ ಆಯ್ತದೆ ಅಲ್ಲಿ. ರೈಟರ್‌ಗೆ ಹೇಳುದ್ರೆ ನಿಮ್ ಬಸ್ಸೇ ಬೇಗ ಬಂದ್ಬುಟ್ಟೈತೆ ಅಂತಾನೆ. ಸುಮ್ನಿರು ಈಗ, ಉಣ್ಣು.”

ಹೆಂಗಸರಲ್ಲಿ ಒಬ್ಬಿಬ್ಬರ ಕೈಯಲ್ಲಿ ಗಡಿಯಾರ ಇತ್ತು. ಅದನ್ನು ಮುಂದೆ ಹಿಡಿದು ತೋರಿಸಿದರೆ ರೈಟರ್ ನಗುತ್ತಿದ್ದನಂತೆ. ಜಾತ್ರೆಯಲ್ಲಿ ಕೊಂಡ ಗಡಿಯಾರ ಹಿಡಿದುಕೊಂಡು ಆಫೀಸಿನ ಗಡಿಯಾರಕ್ಕೆ ಬುದ್ಧಿ ಹೇಳೋಕೆ ಬಂದವ್ರೆ ಎಂದು ಉಳಿದವರಿಗೂ ಹೇಳಿ ನಗಿಸುತ್ತಿದ್ದನಂತೆ. ಅವನ ವಾದಕ್ಕೆ ಒಂದು ಬಲ ಇತ್ತು. ಪ್ರತಿ ಬೆಳಿಗ್ಗೆ ಎಂಟಕ್ಕೆ ಮೊದಲು ಆಳುಗಳೆಲ್ಲ ಅಂಗಳದಲ್ಲಿ ನಿಂತಿರುವಾಗಲೇ ರೇಡಿಯೋ ಹಾಕಿ, ಅದರಲ್ಲಿ ಹೇಳುವ ಸಮಯಕ್ಕೆ ಗಡಿಯಾರವನ್ನು ಸರಿಯಾಗಿ ಇಡುತ್ತಿದ್ದ. ಎಲ್ಲರೂ ಕಣ್ಣಾರೆ ಕಂಡ ಮೇಲೆ ಗಡಿಯಾರ ತಪ್ಪು ಎನ್ನುವ ಬಾಯಿ ಯಾರದು?

ಮರುವಾರವೇ ಸಾಹುಕಾರರ ಬಂಗಲೆಯ ಟೀವಿ ಕೆಟ್ಟಿತೆಂದು ನನಗೆ ಹೇಳಿ ಕಳಿಸಿದರು. ಟೀವಿ ಬಿಚ್ಚುವ ಮೊದಲು ನಾನು ಆಫೀಸಿಗೆ ಹೋಗಿ ಆ ಗಡಿಯಾರ ನೋಡಿದೆ. ಹಿಂದೆ ಬ್ಯಾಟರಿ ಇಲ್ಲ, ಒಂದು ವೈರು ನೇರವಾಗಿ ಪ್ಲಗ್ಗಿಗೆ. ಅಷ್ಟು ಕಂಡದ್ದೇ ನನಗೆ ಎಲ್ಲಾ ಅರ್ಥವಾಯಿತು. ಆ ಕಾಲದ ಅಗ್ಗದ ಡಿಜಿಟಲ್ ಗಡಿಯಾರಗಳಲ್ಲಿ ಹರಳು ಇರುತ್ತಿರಲಿಲ್ಲ. ಮನೆಯ ಕರೆಂಟು ಸೆಕೆಂಡಿಗೆ ಐವತ್ತು ಸಲ ಏರಿಳಿಯುತ್ತದೆ ಎಂದು ನಂಬಿ, ಐವತ್ತು ಎಣಿಸಿದ ಕೂಡಲೇ ಒಂದು ಸೆಕೆಂಡ್ ಆಯಿತು ಎಂದುಕೊಳ್ಳುತ್ತಿದ್ದವು. ಸರ್ಕಾರದ ಕರೆಂಟೇ ಆಗ ಐವತ್ತಕ್ಕೆ ನಿಲ್ಲುತ್ತಿರಲಿಲ್ಲ. ಈ ಎಸ್ಟೇಟಿನಲ್ಲಂತೂ ಆ ಕರೆಂಟೂ ಇಲ್ಲ, ಹಳ್ಳದ ನೀರಿಗೆ ಟರ್ಬೈನು ಕಟ್ಟಿ ತಾವೇ ಮಾಡಿಕೊಳ್ಳುತ್ತಿದ್ದ ಕರೆಂಟು. ಮಳೆ ನಿಂತು ಹಳ್ಳ ಇಳಿದರೆ ಟರ್ಬೈನು ನಿಧಾನ. ಹಣ್ಣಿನ ಕಾಲದಲ್ಲಿ ಸಿಪ್ಪೆ ಸುಲಿಯುವ ಪಲ್ಪರ್ ಹಾಕಿದರೆ ಇನ್ನೂ ನಿಧಾನ. ಅದು ನಿಧಾನವಾದರೆ ಗಡಿಯಾರವೂ ನಿಧಾನ. ಬೆಳಿಗ್ಗೆ ಎಂಟಕ್ಕೆ ರೇಡಿಯೋ ಪ್ರಕಾರ ಸರಿ ಇರುವ ಗಡಿಯಾರ, ಇಡೀ ದಿನ ಸ್ವಲ್ಪ ಸ್ವಲ್ಪವೇ ಹಿಂದೆ ಬಿದ್ದು, ಸಂಜೆಯ ಐದನ್ನು ಇಪ್ಪತ್ತು ಇಪ್ಪತ್ತೈದು ನಿಮಿಷ ಆಚೆಗೆ ತಳ್ಳುತ್ತಿತ್ತು. ಮರುದಿನ ಬೆಳಿಗ್ಗೆ ಮತ್ತೆ ಎಲ್ಲರೆದುರಿಗೆ ಸರಿಯಾಗುತ್ತಿತ್ತು.

ಇದು ತಿಳಿಯದೆ ಆದದ್ದು ಎಂದು ನಾನೂ ಬಿಟ್ಟುಬಿಡುತ್ತಿದ್ದೆನೇನೋ. ಆದರೆ ರೈಟರ್ ತಾನಾಗಿಯೇ ಇನ್ನೊಂದು ಮಾತು ಹೇಳಿದ.

“ಇದರ ಕಾಟ ಮಳೆಗಾಲ್ದಲ್ಲಿ ಕಣಮ್ಮ. ಮುಂದಕ್ಕೆ ಓಡ್ಬುಡ್ತದೆ. ಆಳುಗಳು ಬೇಗ ಹೋಗ್ಬುಡ್ತವ್ರೆ ಅಂತ ಸಾವ್ಕಾರ್ರು ಬೈದ್ರು. ಅದ್ಕೆ ಮಳೆಗಾಲ್ದಾಗೆ ಮಧ್ಯಾಹ್ನ ಇನ್ನೊಂದ್ಸಲ ರೇಡಿಯೋ ನೋಡಿ ತಿದ್ಬುಡ್ತೀನಿ.”

ಅವನು ಇದನ್ನು ತನ್ನ ಜಾಣತನ ಎಂದು ಹೇಳುತ್ತಿದ್ದ. ಮಳೆಗಾಲದಲ್ಲಿ ನೀರು ಹೆಚ್ಚಿ ಗಡಿಯಾರ ಮುಂದೆ ಓಡಿದಾಗ ಇವರಿಗೆ ಒಂದೇ ವಾರದಲ್ಲಿ ಗೊತ್ತಾಗಿದೆ. ಬೈಗುಳವೂ ಆಗಿದೆ, ಪರಿಹಾರವೂ ಆಗಿದೆ. ಹಣ್ಣಿನ ಕಾಲದಲ್ಲಿ ಹಿಂದೆ ಬಿದ್ದಾಗ ಅದೇ ರೇಡಿಯೋ ಅದೇ ಮೇಜಿನ ಮೇಲೆ ಇತ್ತು, ಮಧ್ಯಾಹ್ನವೂ ದಿನಾ ಬರುತ್ತಿತ್ತು. ಯಾರಿಗೂ ಅದನ್ನು ಹಾಕಬೇಕು ಅನ್ನಿಸಲಿಲ್ಲ. ಪಕ್ಕದ ಮನೆಯವಳ ಭುಜ ಮುರಿದ ಮೇಲೂ ಅನ್ನಿಸಲಿಲ್ಲ. ಕಳ್ಳ ಎಂದು ಕರೆಯಲು ಕದಿಯುವ ಉದ್ದೇಶ ಇರಬೇಕು ಎನ್ನುತ್ತಾರೆ. ಇರಲಿ, ಇಂಥದ್ದಕ್ಕೆ ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ.

ಬರೀ ಬಾಯಿಮಾತಿನಲ್ಲಿ ಹೇಳಿದರೆ ಕಿವಿಗೆ ಹಾಕಿಕೊಳ್ಳುವ ಜನ ಅಲ್ಲ ಅವರು. ಟೀವಿಗೆ ಒಂದು ಪಾರ್ಟು ಬೇಕೆಂದು ನೆಪ ಹೇಳಿ ಬಂದು, ಎರಡು ದಿನ ಬಿಟ್ಟು ನನ್ನ ಕೌಂಟರನ್ನು ಕಂಬಳಿಯಲ್ಲಿ ಸುತ್ತಿ, ಜೊತೆಗೆ ಒಂದು ಕಾರಿನ ಬ್ಯಾಟರಿ ಹೊತ್ತುಕೊಂಡು ಬಸ್ಸು ಹತ್ತಿದೆ. ಅವರ ಕರೆಂಟಿನಿಂದಲೇ ನನ್ನ ಪೆಟ್ಟಿಗೆ ನಡೆಸಿದರೆ ಅದನ್ನೇ ಹಿಡಿದುಕೊಂಡು ವಾದ ಮಾಡುತ್ತಾರೆಂದು ಬ್ಯಾಟರಿ. ಘಟ್ಟದ ರಸ್ತೆಯ ತಿರುವುಗಳಲ್ಲೆಲ್ಲ ಕೌಂಟರನ್ನು ತೊಡೆಯ ಮೇಲೆ ಮಗುವಿನ ಹಾಗೆ ಹಿಡಿದುಕೊಂಡಿದ್ದೆ.

ಸಾಹುಕಾರರನ್ನು ಆಫೀಸಿಗೆ ಕರೆಸಿದೆ. ಹಾಗೆ ಕರೆಸಿದ್ದೇ ಅವರಿಗೆ ಹಿಡಿಸಲಿಲ್ಲ, ಬಾಗಿಲಲ್ಲೇ ನಿಂತರು. ನಾನು ಅವರಿಗೆ ಹೇಳಿದ್ದು ಇಷ್ಟು: ಕರೆಂಟಿನ ಒಂದು ಅಲೆ ಶುರುವಾದಾಗ ನನ್ನ ಪೆಟ್ಟಿಗೆಯ ಬಾಗಿಲು ತೆರೆಯುತ್ತದೆ, ಮುಂದಿನ ಅಲೆ ಶುರುವಾದಾಗ ಮುಚ್ಚುತ್ತದೆ. ಅಷ್ಟರೊಳಗೆ ಹರಳು ಎಷ್ಟು ಸಲ ಕಂಪಿಸಿತು ಎಂದು ತೋರಿಸುತ್ತದೆ. ಕರೆಂಟು ಸರಿ ಇದ್ದರೆ ಎರಡು ಲಕ್ಷ ಬರಬೇಕು, ನಿಧಾನವಾಗಿದ್ದರೆ ಅದಕ್ಕಿಂತ ಹೆಚ್ಚು.

ಎರಡು ಲಕ್ಷದ ಎಂಟು ಸಾವಿರ ಚಿಲ್ಲರೆ ಬಂತು. ಕೊನೆಯ ಅಂಕಿಗಳು ಕುಣಿಯುತ್ತಿದ್ದವು, ಮೊದಲಿನವು ಅಲುಗಾಡಲಿಲ್ಲ. ಪಲ್ಪರ್ ಹಾಕಿಸಿ ಎಂದೆ. ಹಾಕಿಸಿದರು. ಅಂಕಿ ಎದುರಿಗೇ ಏರಿತು.

“ನಿನ್ನ ಪೆಟ್ಗೆನೇ ತಪ್ಪಿರಬೋದಲ್ಲಮ್ಮ?” ಎಂದರು ಸಾಹುಕಾರರು.

ಅವರದೇ ದೊಡ್ಡ ರೇಡಿಯೋ ತರಿಸಿ, ದೆಹಲಿಯ ಸಂಕೇತ ಹಿಡಿದು, ನನ್ನ ಹರಳನ್ನು ಅದರ ಪಕ್ಕ ಇಟ್ಟೆ. ದನಿ ನಿಧಾನವಾಗಿ ಉಬ್ಬಿತು, ನಿಧಾನವಾಗಿ ಇಳಿಯಿತು. ಅವರು ದಡ್ಡರಲ್ಲ. ಅರ್ಧ ನಿಮಿಷ ಕೇಳಿ ಅರ್ಥ ಮಾಡಿಕೊಂಡರು. ರೈಟರ್ ಮಾತ್ರ, “ದಿನಾ ಬೆಳಗ್ಗೆ ರೇಡಿಯೋಕ್ಕೇ ಇಡ್ತೀನಲ್ಲ ಸಾವ್ಕಾರ್ರೆ” ಎಂದು ಹೇಳುತ್ತಲೇ ಇದ್ದ.

“ನೀರು ಕಮ್ಮಿ ಆದ್ರೆ ಹಂಗಾಯ್ತದೆ ಅಂತ ಕಾಣ್ಸತ್ತೆ,” ಎಂದರು ಸಾಹುಕಾರರು, ಮಳೆ ಬಿಸಿಲಿನ ಮಾತಾಡುವ ಹಾಗೆ. “ನೀನೇ ಒಂದು ಸರಿಯಾದ ಗಡಿಯಾರ ಮಾಡ್ಕೊಡು ಮತ್ತೆ.”

ಒಂದು ಮಾತು, ಛೆ ಎಂದಾದರೂ ಅನ್ನುತ್ತಾರೇನೋ ಎಂದು ಕಾದೆ. ಎಷ್ಟು ಹಣ್ಣಿನ ಕಾಲ, ಎಷ್ಟು ಹೆಂಗಸರು, ಎಷ್ಟು ಸಂಜೆ. ಅವರು ಆಗಲೇ ನನ್ನ ಕೌಂಟರಿನ ಅಂಕಿ ಚೆನ್ನಾಗಿದೆ, ಹಸಿರು ಬಣ್ಣದಲ್ಲಿ ಸಿಗುತ್ತದಾ ಎಂದು ವಿಚಾರಿಸುತ್ತಿದ್ದರು.

ಮಾಡಿಕೊಟ್ಟೆ. ಸಿಟ್ಟಿನಲ್ಲೇ ಮಾಡಿದೆ, ಬಹುಶಃ ಅದಕ್ಕೇ ಅಷ್ಟು ಚೆನ್ನಾಗಿ ಬಂತು. ಟರ್ಬೈನು ನಿಂತರೂ ನಡೆಯುವಂತೆ ಬ್ಯಾಟರಿ, ಬಿಸಿ ಪೆಟ್ಟಿಗೆಯಲ್ಲಿ ಹರಳು, ಕೋಟಿಯನ್ನು ಹತ್ತು ಹತ್ತಾಗಿ ಭಾಗಿಸಿ ಒಂದು ಸೆಕೆಂಡಿಗೆ ಇಳಿಸುವ ಐಸಿಗಳ ಸಾಲು. ಬೋರ್ಡಿಗೆ ಎರಡು ಸಲ ವಾರ್ನಿಷ್ ಬಳಿದೆ, ಇರುವೆ ಗೂಡು ಕಟ್ಟದ ಹಾಗೆ ಗಾಳಿಕಿಂಡಿಗೆ ಜಾಲರಿ ಹಾಕಿದೆ. ಒಂದೊಂದು ಬೆಸುಗೆಯನ್ನೂ ಭೂತಗನ್ನಡಿಯಲ್ಲಿ ನೋಡಿದೆ. ಒಂದು ವರ್ಷ ಯಾರೂ ಮುಟ್ಟದಿದ್ದರೂ ಅದು ಒಂದು ನಿಮಿಷ ತಪ್ಪುವ ಮಾತಿರಲಿಲ್ಲ. ಅಂಕಿ ಕೆಂಪೇ ಹಾಕಿದೆ.

ಗೋಡೆಗೆ ಹಾಕಿದ ದಿನ ನಾನು ಗೇಟಿನ ಹತ್ತಿರ ಕಾದು ನಿಂತಿದ್ದೆ. ಸೈರನ್ ಕೂಗಿತು. ಹೆಂಗಸರು ಬಂದರು. ಅವ್ವ ಹಳ್ಳದಲ್ಲಿ ಮುಖ ತೊಳೆದುಕೊಂಡು, ಕೂದಲು ನೇವರಿಸಿಕೊಂಡು ನಿಧಾನವಾಗಿ ಬಂದಳು. ಆಮೇಲೆ ಬಸ್ಸು ಬಂತು. ಎಲ್ಲರೂ ಹತ್ತಿದರು. ಪಕ್ಕದಲ್ಲಿ ಕೂತ ಅವ್ವ ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದಳು.

ಆ ಸುಖ ಒಂದು ವಾರ. ಮುಂದಿನ ವಾರ ಎಸ್ಟೇಟಿನಲ್ಲಿ ಹೊಸ ಆಜ್ಞೆ ಬಂತು. ಐದರ ಸೈರನ್‌ವರೆಗೂ ಗಿಡದ ಹತ್ತಿರ ಹಣ್ಣು ಬಿಡಿಸುತ್ತಲೇ ಇರಬೇಕು. ಚೀಲ ಹೊತ್ತು ತರುವುದು, ತೂಕ ಹಾಕಿಸುವುದು ಎಲ್ಲ ಸೈರನ್ ಆದ ಮೇಲೆ. ತೂಕಕ್ಕೆ ಸಾಲು ನಿಂತರೆ ಅರ್ಧ ಗಂಟೆ ಎಲ್ಲಿಗೂ ಸಾಲದು. ಬಸ್ಸು ಮತ್ತೆ ಹೋಯಿತು. ಈ ಸಲ ಮೊದಲಿಗಿಂತಲೂ ತಡ, ಹೆಂಗಸರು ಮನೆ ಮುಟ್ಟುವ ಹೊತ್ತಿಗೆ ಪೂರ್ತಿ ಕತ್ತಲೆ.

ನಾನು ಅಂಗಡಿ ಮುಚ್ಚಿ ನೇರ ಬಂಗಲೆಗೆ ಹೋದೆ. ಸಾಹುಕಾರರು ಜಗುಲಿಯಲ್ಲಿ ಕೂತಿದ್ದರು. ಕೂರು ಎನ್ನಲಿಲ್ಲ.

“ಕೆಲ್ಸದ ಹೊತ್ತು ಎಂಟರಿಂದ ಐದು. ತೂಕ ಹಾಕ್ಸೋದು ಕೆಲ್ಸ ಹೆಂಗಾಯ್ತದೆ? ನಿಂತ್ಕೊಂಡಿರೋದು ತಾನೆ?”

“ಮೊದ್ಲಿಂದ ಐದರ ಒಳಗೆ ತೂಕ ಆಗ್ತಿತ್ತಲ್ಲ ಸಾವ್ಕಾರ್ರೆ.”

“ಮೊದ್ಲು ಟೈಮ್ ಸರಿ ಇರ್ಲಿಲ್ಲ, ನೀನೇ ತೋರಿಸ್ದೆಯಲ್ಲ. ಈಗ ಸರಿಯಾಗೈತೆ. ನಮ್ ಎಸ್ಟೇಟ್ ಟೈಮು ಡೆಲ್ಲಿ ಟೈಮು ಅಂತ ಎಲ್ಲರಿಗೂ ಹೇಳಿದೀನಿ. ಐದು ಅಂದ್ರೆ ಐದು.”

ದಾರಿಯಲ್ಲಿ ಆನೆ ಇರುತ್ತವೆ ಎಂದೆ. ಆನೆ ಎಲ್ಲರಿಗೂ ಇರುತ್ತವೆ ಎಂದರು. ಅವರ ಜೀಪಿಗೂ ಇರುತ್ತವೆ ಎಂದು ಅದರ ಅರ್ಥ. ಗಡಿಯಾರ ಸುಳ್ಳು ಹೇಳುತ್ತಿದ್ದಾಗ ಹೆಂಗಸರು ಕಳೆದುಕೊಂಡದ್ದನ್ನು ನಾನು ಅಳೆದು ತೋರಿಸಿದ್ದೆ. ಅವರು ಅದರಲ್ಲಿ, ಗಡಿಯಾರ ಸರಿಹೋಗಿ ತಮಗೆ ಕಡಿಮೆಯಾದ ಹೊತ್ತನ್ನು ಮಾತ್ರ ಓದಿಕೊಂಡು, ಇನ್ನೊಂದು ಕಡೆಯಿಂದ ವಸೂಲು ಮಾಡಿಕೊಂಡಿದ್ದರು. ಸೆಕೆಂಡಿನ ಕೋಟಿಯಲ್ಲೊಂದು ಪಾಲು ಅಳೆಯಬಲ್ಲವಳು ಮೆಟ್ಟಿಲಿಳಿದು ಬಂದೆ.

ಮನೆಗೆ ಬಂದು ಅವ್ವನ ಮುಂದೆ ಕೂಗಾಡಿದೆ. “ಸುಮ್ನಿರು,” ಎಂದಳು ಎಂದಿನಂತೆ. “ನೀನು ಮಾಡೋದು ಮಾಡಾಯ್ತಲ್ಲ.”

ಮುಂದೆ ನಡೆದದ್ದನ್ನು ನಾನು ನೋಡಲಿಲ್ಲ, ಜೊತೆಗಿದ್ದ ಹೆಂಗಸೊಬ್ಬಳು ಹೇಳಿದ್ದು. ಸೋಮವಾರ ಸಂಜೆ ಸೈರನ್ ಕೂಗಿದಾಗ ಎಲ್ಲರೂ ಚೀಲ ತಲೆಗೇರಿಸುತ್ತಿದ್ದರಂತೆ. ಅವ್ವ ಮಾತ್ರ ತನ್ನ ಚೀಲವನ್ನು ಗಿಡದ ಬುಡದಲ್ಲೇ ನಿಲ್ಲಿಸಿ, ಅದರ ಬಾಯಿ ಕಟ್ಟಿ, ಸೊಂಟದ ಸೆರಗು ಬಿಚ್ಚಿ ಒದರಿಕೊಂಡು ಗೇಟಿನ ಕಡೆ ನಡೆದಳಂತೆ. ರೈಟರ್ ಅಡ್ಡ ಬಂದ.

“ಸೈರನ್ ಆಯ್ತು ಕಣಪ್ಪ,” ಎಂದಳಂತೆ ಅವ್ವ. “ಡೆಲ್ಲಿ ಟೈಮು. ಐದು ಅಂದ್ರೆ ಐದು.”

ಒಬ್ಬೊಬ್ಬರಾಗಿ ಉಳಿದವರೂ ಚೀಲ ಇಳಿಸಿದರು. ಎಸ್ಟೇಟ್ ಲೈನಿನ ಮನೆಗಳಲ್ಲಿ ಇದ್ದವರೂ ಇಳಿಸಿದರು. ಬಿಡಿಸಿದ ಹಣ್ಣನ್ನು ಅವತ್ತೇ ಪಲ್ಪರಿಗೆ ಹಾಕದಿದ್ದರೆ ಚೀಲದೊಳಗೇ ಕಾವು ಬಂದು ಹುಳಿಯಾಗುತ್ತದೆ, ಕಾಫಿಯ ಬೆಲೆ ಹೋಗುತ್ತದೆ. ಮರುದಿನ ಬೈಗುಳ ಆಯಿತು, ಪೊಲೀಸರ ಹೆಸರೂ ಬಂತು. ಸಂಜೆ ಸೈರನ್ನಿಗೆ ಮತ್ತೆ ಚೀಲಗಳು ಗಿಡದ ಬುಡದಲ್ಲೇ ನಿಂತವು. ಅದರ ಮರುದಿನ ನಾಲ್ಕೂವರೆಗೆ ಮೇಸ್ತ್ರಿ ಸೀಟಿ ಊದಿ, “ತೂಕಕ್ಕೆ ಬನ್ರವ್ವ” ಎಂದು ಕರೆದ. ಆ ಹಣ್ಣಿನ ಕಾಲ ಮುಗಿಯುವವರೆಗೆ ಯಾರೂ ನಡೆಯಲಿಲ್ಲ.

ಮುಂದಿನ ವರ್ಷ ಹಣ್ಣು ಕೆಂಪಾದಾಗ ಮೇಸ್ತ್ರಿ ಆಳು ಕರೆಯಲು ನಮ್ಮೂರಿಗೆ ಬಂದ. ಮನೆ ಮನೆಗೆ ಹೋದ. ನಮ್ಮ ಮನೆಯ ಮುಂದೆ ನೆಲ ನೋಡಿಕೊಂಡು ದಾಟಿದ. ಅವ್ವ ಹೊರಗೆ ಬಂದು ಕೇಳಿದಳು. “ಈ ಸಲ ಆಳು ಸಾಕಂತೆ ಕಣಕ್ಕ,” ಎಂದ. ಹಿಂದಿನ ದಿನವಷ್ಟೇ ಆಲೂರು ಕಡೆಯಿಂದ ಒಂದು ಲಾರಿ ಹೊಸ ಆಳುಗಳನ್ನು ತಂದಿದ್ದು ಇಡೀ ಊರಿಗೆ ಗೊತ್ತಿತ್ತು.

ಸಾಹುಕಾರರ ಮೇಲೆ ನನಗಿದ್ದ ಸಿಟ್ಟು ಹಳೆಯದು, ಅದಕ್ಕೆ ಒಗ್ಗಿಹೋಗಿದ್ದೆ. ಈಗ ಬಂದ ಸಿಟ್ಟು ಬೇರೆಯೇ. ನಮ್ಮೂರಿನ ಹೆಂಗಸರು ಬೆಳಿಗ್ಗೆ ನಮ್ಮ ಮನೆಯ ಮುಂದೆಯೇ ಕೆಲಸಕ್ಕೆ ಹೋಗುತ್ತಿದ್ದರು. ಒಬ್ಬಳಾದರೂ ರೈಟರ್‌ನನ್ನು ಕೇಳಬಹುದಿತ್ತು. ಇವಳು ಯಾಕಿಲ್ಲ ಎಂಬ ಎರಡು ಪದ. ಚೀಲ ಇಳಿಸಲು ಬಂದ ಧೈರ್ಯ ಈ ಎರಡು ಪದಕ್ಕೆ ಬರಲಿಲ್ಲ. “ನಮ್ಗೂ ಮಕ್ಳಿದವೆ ಕಣೆ,” ಎಂದಳು ಒಬ್ಬಳು ನನ್ನ ಕಣ್ಣು ತಪ್ಪಿಸಿ. ಅವ್ವನಿಗೆ ಮಾತ್ರ ಮಕ್ಕಳು ಆಕಾಶದಿಂದ ಉದುರಿದ್ದರೇನೋ.

ಮನೆಯಲ್ಲಿ ಕೂತು ಉಣ್ಣು, ನಾನು ದುಡಿಯುತ್ತೇನೆ ಎಂದೆ. ಅವ್ವ ಕೇಳಲಿಲ್ಲ. ಕಾಡಿನ ಆಚೆ ಬದಿಯ ಇನ್ನೊಂದು ತೋಟದಲ್ಲಿ ಕೆಲಸ ಹುಡುಕಿಕೊಂಡಳು. ಆ ಕಡೆಗೆ ಬಸ್ಸೇ ಇಲ್ಲ. ಬೆಳಿಗ್ಗೆ ನಡಿಗೆ, ಸಂಜೆ ನಡಿಗೆ. ಇದೇ ಹೊತ್ತಿಗೆ ಎಸ್ಟೇಟಿನಿಂದ ನನ್ನ ಅಂಗಡಿಗೆ ಹೇಳಿ ಕಳಿಸಿದರು, ವರ್ಷವಾಯಿತು, ಗಡಿಯಾರವನ್ನು ಒಮ್ಮೆ ನೋಡಿ ಹೋಗಬೇಕಂತೆ. ಬಂದವನಿಗೆ ನಾನು ಹೇಳಿದ್ದನ್ನು ಇಲ್ಲಿ ಬರೆಯಲಾರೆ. ನಾನು ಹೋಗಲಿಲ್ಲ, ಹಾಳಾದ್ದು ಕೆಡಲೂ ಇಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದೆ.

ಡಿಸೆಂಬರಿನ ಒಂದು ಶನಿವಾರ ಅದೇ ಸಂಜೆಯ ಬಸ್ಸಿನಲ್ಲಿ ಊರಿಗೆ ಹೋಗುತ್ತಿದ್ದೆ. ಎಸ್ಟೇಟ್ ಗೇಟಿನಲ್ಲಿ ಹೆಂಗಸರು ನಗುತ್ತಾ ಹತ್ತಿದರು. ಒಬ್ಬಳು ನನಗೆ ಕಡ್ಲೆಕಾಯಿ ಕೊಟ್ಟಳು. ಇನ್ನೊಬ್ಬಳು ಕಂಡಕ್ಟರಿಗೆ, “ಇವ್ರೇ ಕಣಣ್ಣ ನಮ್ಗೆ ಟೈಮ್ ಮಾಡ್ಕೊಟ್ಟೋರು,” ಎಂದು ಪರಿಚಯ ಮಾಡಿಸಿದಳು. ಊರು ಇನ್ನೂ ಒಂದು ಮೈಲಿ ಇರುವಾಗ, ಕಾಡಿನ ದಾರಿ ರಸ್ತೆಗೆ ಕೂಡುವಲ್ಲಿ, ತಲೆಗೆ ಟವೆಲ್ ಕಟ್ಟಿಕೊಂಡು ಕೈಯಲ್ಲಿ ಕೋಲು ಹಿಡಿದು ಒಬ್ಬಳೇ ಹೋಗುತ್ತಿದ್ದ ಅವ್ವ ಕಂಡಳು. ನಾನು ಎದ್ದು ನಿಂತು ಬಸ್ಸು ನಿಲ್ಲಿಸಿದೆ.

“ಹತ್ತವ್ವ,” ಎಂದೆ.

ಅವ್ವ ಬಾಗಿಲ ಹತ್ತಿರ ಬಂದು ಒಳಗೆ ನೋಡಿದಳು. ನನ್ನನ್ನಲ್ಲ, ಒಂದೊಂದೇ ಸೀಟನ್ನು, ಅದರಲ್ಲಿ ಕೂತವರ ಒಂದೊಂದೇ ಮುಖವನ್ನು. ಕಡ್ಲೆಕಾಯಿ ಕೊಟ್ಟವಳು ಕಿಟಕಿಯ ಕಡೆ ತಿರುಗಿಕೊಂಡಳು. ಸುಮ್ನಿರು, ಸುಮ್ನಿರು ಎಂದು ಹುಟ್ಟಿದಾಗಿನಿಂದ ನನ್ನ ಬಾಯಿ ಮುಚ್ಚಿಸುತ್ತಿದ್ದ ಅವ್ವನ ಮುಖದಲ್ಲಿ ಅಂಥ ಸಿಟ್ಟನ್ನು ನಾನು ಅವತ್ತೇ ಮೊದಲು ನೋಡಿದ್ದು. ನನ್ನ ಸಿಟ್ಟೆಲ್ಲಾ ಅದರ ಮುಂದೆ ಬರೀ ಬಾಯಿಬಡುಕತನ.

“ನಂಗ್ಯಾಕೆ ಬಸ್ಸು,” ಎಂದಳು. “ನಾನು ನಡ್ಕೊಂಡೇ ಬತ್ತೀನಿ. ನೀವು ಹೋಗಿ.”

ಕಂಡಕ್ಟರ್ ನನ್ನ ಮುಖ ನೋಡಿದ. ನಾನು ಚೀಲ ಎತ್ತಿಕೊಂಡು ಇಳಿದೆ. ಬಸ್ಸು ಹೋಯಿತು. ಅವ್ವ ಕೋಲನ್ನು ಇನ್ನೊಂದು ಕೈಗೆ ಬದಲಾಯಿಸಿ, ನನ್ನನ್ನು ರಸ್ತೆಯ ಒಳಬದಿಗೆ ಎಳೆದುಕೊಂಡು, ತಾನು ಕಾಡಿನ ಬದಿಗೆ ನಡೆದಳು.